ಸಂಜೆ ಉಣಗೋಲು ತೆಗೆಯುತ್ತಿದ್ದ ನರ್ಸಮ್ಮ

ನಮ್ಮ ಕಡೆ ಹೊತ್ತು ಇಳಿಯುತ್ತಿದ್ದ ಹಾಗೆ ಎಲ್ಲರೂ ತೆಂಗಿನ ತೋಟಕ್ಕೆ ಉಣಗೋಲು ಹಾಕುತ್ತಿದ್ದರು. ತೋಟದ ಬಾಯಿಗೆ ಎರಡು ಕಲ್ಲುಕಂಬ ನೆಟ್ಟು, ಅವುಗಳ ತೂತಿಗೆ ಅಡ್ಡಡ್ಡ ಬಿದಿರು ಗಳ ತೂರಿಸಿಬಿಟ್ಟರೆ ಅದೇ ಗೇಟು. ದನ ನುಗ್ಗಬಾರದು, ಕಳ್ಳ ನುಗ್ಗಬಾರದು, ಹೆಸರು ಹೇಳಬಾರದ್ದು ಇನ್ನೇನೂ ನುಗ್ಗಬಾರದು. ನರ್ಸಮ್ಮ ಒಬ್ಬರು ಮಾತ್ರ ಹಗಲೆಲ್ಲ ಉಣಗೋಲು ಹಾಕಿಟ್ಟು, ಸಂಜೆ ತಂಪು ಬೀಸುವ ಹೊತ್ತಿಗೆ ಬಂದು ಒಂದೊಂದೇ ಗಳ ಎಳೆದು ಪಕ್ಕಕ್ಕೆ ಒರಗಿಸುತ್ತಿದ್ದರು. ದಾರಿ ತೆರೆದಿಟ್ಟು ಒಳಗೆ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದರು.

ಮೊನ್ನೆ ತಿಪಟೂರಿನಿಂದ ನೊಣವಿನಕೆರೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಎಲ್ಲ ತೋಟಕ್ಕೂ ತಂತಿಬೇಲಿ, ಕಬ್ಬಿಣದ ಗೇಟು, ಗೇಟಿಗೆ ಮುಷ್ಟಿಗಾತ್ರದ ಬೀಗ. ಪಕ್ಕದಲ್ಲಿದ್ದ ಹೆಂಗಸು, "ಕಾಲ ಕೆಟ್ಟೋಯ್ತು ಕಣಕ್ಕ, ಯಾರ್ನೂ ನಂಬಂಗಿಲ್ಲ" ಅಂದಳು. ನಾನು ಹೂಂಗುಟ್ಟಿದೆ. ಮನಸ್ಸು ಆಗಲೇ ಆ ಹಳೇ ತೋಟದ ಬಾಯಿಗೆ ಹೋಗಿ ನಿಂತಿತ್ತು. ಇಷ್ಟು ವರ್ಷವಾದರೂ ಅಲ್ಲಿಗೆ ಹೋದರೆ ನನ್ನ ಕತ್ತಿನ ಹಿಂದೆ ತಣ್ಣಗಾಗುತ್ತದೆ.

ನರ್ಸಮ್ಮನಿಗೂ ಒಂದು ಹೆಸರಿತ್ತು, ಯಾರೂ ಕರೆಯುತ್ತಿರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಹೆರಿಗೆ ಆಸ್ಪತ್ರೆಯ ನರ್ಸು, ಕ್ರಿಶ್ಚಿಯನ್ನರು, ಮದುವೆಯಾಗದವರು, ಹಾಸನದ ಕಡೆಯಿಂದ ಬಂದವರು ಎಂಬಿಷ್ಟು ಎಲ್ಲರಿಗೂ ಗೊತ್ತಿತ್ತು. ಬಿಳಿ ಸೀರೆ, ಕರಿ ಕೊಡೆ, ಕಾಲಿಗೆ ಗಂಡಸರ ಚಪ್ಪಲಿ. ಅವರು ಬರುವ ಮುಂಚೆ ಫಿನಾಯಿಲ್ ವಾಸನೆ ಬರುತ್ತಿತ್ತು. ಸುತ್ತಲಿನ ಹಳ್ಳಿಗಳ ಅರ್ಧ ಜನ ಅವರ ಕೈಮೇಲೆ ಹುಟ್ಟಿದವರೇ ಆದ್ದರಿಂದ ಅವರ ಎದುರು ಯಾರ ದೊಡ್ಡಸ್ತಿಕೆಯೂ ನಡೆಯುತ್ತಿರಲಿಲ್ಲ. ಒಮ್ಮೆ ಸಂತೆಯಲ್ಲಿ ಪಂಚಾಯ್ತಿ ಮೆಂಬರೊಬ್ಬ ಮೀಸೆ ತಿರುವಿಕೊಂಡು ಜನರನ್ನು ತಳ್ಳಿಕೊಂಡು ಬರುತ್ತಿದ್ದ. "ಲೇ, ಕಾಲು ಮುಂದಾಗಿ ಹುಟ್ಟಿದೋನೇ, ಈಗ್ಲೂ ಹಂಗೇ ಬತ್ತೀಯಲ್ಲೋ! ಬೀಡಿ ಆರ್ಸು ಮೊದ್ಲು" ಎಂದು ನರ್ಸಮ್ಮ ಕೂಗಿದರು. ಸಂತೆಗೆ ಸಂತೆಯೇ ನಕ್ಕಿತು. ಆತ ಬೀಡಿ ಆರಿಸಿದ.

ನನ್ನ ಅಮ್ಮ ಹೆರಿಗೆಯಲ್ಲಿ ತೀರಿಕೊಂಡಾಗ ಬಂದಿದ್ದವರೂ ನರ್ಸಮ್ಮನೇ. ನಾನಾಗ ಹೈಸ್ಕೂಲಿನಲ್ಲಿದ್ದೆ. ತುಂಬ ವರ್ಷಗಳ ಮೇಲೆ ಅಮ್ಮ ಮತ್ತೆ ಬಸುರಿಯಾಗಿದ್ದಳು. ನೋವು ಶುರುವಾಗಿ ಆಸ್ಪತ್ರೆಗೆ ಗಾಡಿ ಕಟ್ಟಬೇಕಾದದ್ದು ಒಂದು ಸೋಮವಾರ. ಲಿಂಗ ಕಟ್ಟಿದ ಮನೆ ನಮ್ಮದು. ಸೋಮವಾರ ಬಸವಣ್ಣನ ದಿನ, ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಪ್ರಾಣದ ಪ್ರಶ್ನೆ ಬಂದಾಗ ಇಟ್ಟವರು ಎಷ್ಟೋ ಜನ ಇದ್ದಾರೆ, ಬಸವಣ್ಣ ಯಾರನ್ನೂ ತಿವಿದಿಲ್ಲ. ಆದರೆ ನಮ್ಮಪ್ಪ ಹೆದರಿದರು. ಒಂದು ವರ್ಷದ ಹಿಂದೆ ಸೋಮವಾರವೇ ಗಾಡಿ ಕಟ್ಟಲು ಹೋದಾಗ ಎತ್ತು ಒದ್ದು ಅವರ ಎಡಗಾಲು ಊನವಾಗಿತ್ತು. ಕಾಲು ಎಳೆದುಕೊಂಡೇ ಅಂಗಳದ ತುಂಬ ಓಡಾಡಿದರು. "ಹೊತ್ತು ಮುಳುಗ್ಲಿ, ಆಮೇಲೆ ಕಟ್ತೀನಿ" ಅಂದರು. ಸುದ್ದಿ ಹೇಗೋ ತಲುಪಿ, ಹೊತ್ತು ಮುಳುಗುವ ಮುಂಚೆ ನರ್ಸಮ್ಮನೇ ಏದುಸಿರು ಬಿಡುತ್ತಾ ನಡೆದು ಬಂದರು. ಅಷ್ಟರಲ್ಲಿ ಕೈಮೀರಿತ್ತು. ಕೂಸೂ ಉಳಿಯಲಿಲ್ಲ.

ನಮ್ಮವರು ಸತ್ತವರನ್ನು ಸುಡುವುದಿಲ್ಲ, ಸ್ವಂತ ತೋಟದಲ್ಲಿ ಮಣ್ಣು ಮಾಡುತ್ತಾರೆ. ಮಲಗಿಸುವುದೂ ಇಲ್ಲ. ಚೌಕಕ್ಕೆ ಗುಂಡಿ ತೆಗೆದು, ಒಂದು ಪಕ್ಕದಲ್ಲಿ ಗೂಡು ಕೊರೆದು, ಅದರೊಳಗೆ ಪೂಜೆಗೆ ಕೂತಂತೆ ಕೂರಿಸುತ್ತಾರೆ. ಅಮ್ಮನನ್ನೂ ಹಾಗೇ ಕೂರಿಸಿ, ಮಡಿಲಿಗೆ ಕೂಸನ್ನಿಟ್ಟು, ವಿಭೂತಿ ಸುರಿದು, ಬಿಲ್ವಪತ್ರೆ ಹಾಕಿ ಮುಚ್ಚಿದರು. ಅಪ್ಪ ಒಂದು ಹಿಡಿ ಮಣ್ಣು ಹಾಕಿ ತಿರುಗಿ ಹೊರಟವರು ಮತ್ತೆ ಆ ತೋಟದೊಳಕ್ಕೆ ಕಾಲಿಡಲಿಲ್ಲ.

ಬಾಣಂತಿಯನ್ನು ಹೂತ ತೋಟ ಅಂದರೆ ಕೇಳಬೇಕೆ? ಊರಿನ ಬಾಯಿಗೆ ಎಲೆಅಡಿಕೆ ಸಿಕ್ಕಂತಾಯಿತು. ನೋಡನೋಡುತ್ತ ತೋಟವೂ ಹಾಗೇ ಆಯಿತು. ಸಮಾಧಿಯ ಸುತ್ತಲಿನ ಮರಗಳು ಹರಳನ್ನು, ಅಂದರೆ ಎಳೇ ಪುಟ್ಟ ಕಾಯಿಗಳನ್ನು, ಕಟ್ಟಿದಷ್ಟೂ ಉದುರಿಸತೊಡಗಿದವು. ಒಣಗಿದ ಗರಿಯ ಸೋಗೆ ಬಿದ್ದು ಬಿದ್ದು ಮಂಡಿಯುದ್ದ ಆಯಿತು. ಕಾಯಿ ಕೆಡವಲು ಹತ್ತಿದ ಆಳು ಅರ್ಧ ಮರದಿಂದಲೇ ಜಾರಿಕೊಂಡು ಬಂದ. ಅವನ ಎದೆ ತರಚಿ ರಕ್ತ ಬರುತ್ತಿತ್ತು. "ಕೆಳಗೆ ಯಾರೋ ಕೂಸು ತಟ್ಟುತ್ತಾವ್ರೆ ಕಣ್ರೀ, ಪಟ್ ಪಟ್ ಅಂತ ನನ್ ಕಿವಿಯಾರೆ ಕೇಳ್ದೆ" ಅಂದ. ಮಾರನೆಯ ದಿನದಿಂದ ಒಬ್ಬರೂ ಕೆಲಸಕ್ಕೆ ಬರಲಿಲ್ಲ. ಮಾರೋಣವೆಂದರೆ ಬೇರೆಯವರ ಹೆಣ ಇರುವ ತೋಟ ಯಾರು ಕೊಳ್ಳುತ್ತಾರೆ?

ಕೊಂಡವರು ನರ್ಸಮ್ಮ. ರಿಟೈರಾದ ವಾರದಲ್ಲೇ ಕೊಡೆ ಊರಿಕೊಂಡು ನಮ್ಮ ಜಗಲಿಗೆ ಬಂದು ಕೂತರು.

"ರುದ್ರಪ್ನೋರೇ, ತೋಟ ಕೊಡ್ತೀರಂತೆ."

ಅಪ್ಪ ಮುಖ ಎತ್ತಲಿಲ್ಲ. "ಅದ್ರಾಗೆ ನಮ್ಮೋಳು ಅವ್ಳೆ."

"ಗೊತ್ತು. ಅದಕ್ಕೇ ಕೇಳ್ತಿರೋದು."

"ಹೆದ್ರಿಕೆ ಆಗಲ್ವಾ ನಿಮ್ಗೆ?"

"ನಮ್ಮ ಯೇಸುಸ್ವಾಮೀನ ಮಣ್ಣು ಮಾಡಿದ್ದೂ ಒಂದು ತೋಟದಲ್ಲೇ ಕಣ್ರೀ. ಅದೂ ಇನ್ಯಾರದೋ ತೋಟ. ತೋಟದಲ್ಲಿ ಸಮಾಧಿ ಇದ್ರೆ ನನಗೆ ನಮ್ಮ ಮನೆಗೆ ಬಂದಂಗೆ."

ತೋಟ ಮಾರಿದರೂ ವರ್ಷಕ್ಕೊಮ್ಮೆ ಸಮಾಧಿಗೆ ಎಡೆ ಇಡಲು ಬರುವ ಹಕ್ಕು ಮಾರಿದವರಿಗೆ ಇರುತ್ತದೆ, ಅದು ನಮ್ಮ ಕಡೆಯ ರೂಢಿ. ಅಪ್ಪ, "ಮಗಳು ಬತ್ತಾಳೆ" ಅಂದರು. ನರ್ಸಮ್ಮ ಎದ್ದು ಕೊಡೆ ಬಿಚ್ಚುತ್ತಾ, "ನೀವು ಬಂದ್ರೂ ಆಯ್ತು. ಸಂಜೆ ಹೊತ್ತು ಉಣಗೋಲು ತೆಗ್ದೇ ಇರ್ತೀನಿ" ಅಂದರು. ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ. ತೋಟದ ಪುಟ್ಟ ಹೆಂಚಿನ ಮನೆಗೆ ನರ್ಸಮ್ಮ ಒಂದು ಟ್ರಂಕು, ಒಂದು ಕೈಕುರ್ಚಿ ತಂದಿಟ್ಟುಕೊಂಡರು. ಆಳು ಯಾರೂ ಬರುವುದಿಲ್ಲ, ಬರುತ್ತೇನೆಂದವನ ಹೆಂಡತಿ ಬಿಡುವುದಿಲ್ಲ. ಮರ ಹತ್ತುವವರಿಲ್ಲವಾದ್ದರಿಂದ ತಾನಾಗಿ ಬಿದ್ದ ಕಾಯಿಯೇ ಅವರ ಬೆಳೆ. ಸೋಗೆಯನ್ನೆಲ್ಲ ಒಬ್ಬರೇ ಎಳೆದು ಒಟ್ಟಿದರು. ಸಮಾಧಿಯ ಸುತ್ತ ಮಾತ್ರ ಒಂದು ಪದರ ಹಾಗೇ ಬಿಟ್ಟರು. ಯಾಕೆ ಅಂದರೆ, "ಯಾರಾದ್ರೂ ನಡ್ಕೊಂಡು ಬಂದ್ರೆ ನಿಮ್ಮಮ್ಮಂಗೆ ಗೊತ್ತಾಗ್ಬೇಕಲ್ಲ" ಅಂದರು. ಈ ಹೆಂಗಸಿಗೆ ತಲೆ ಸರಿ ಇದೆಯೇ ಎಂದು ನಾನು ಮುಖ ನೋಡಿದೆ. ಅವರು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು, ಅಷ್ಟೇ.

ಆ ಹೊತ್ತಿಗೆ ನಾನು ಟೀಚರಾಗಿ ತಿಪಟೂರಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಬಸ್ಸು ಇಳಿದರೆ ತೋಟ ದಾರಿಯಲ್ಲೇ ಸಿಗುತ್ತಿತ್ತು. ಮೊದಮೊದಲು ಅಮ್ಮನ ಸಮಾಧಿಗೆ ಹೂ ಇಡುವ ನೆಪ. ಆಮೇಲೆ ನೆಪ ಬೇಕಾಗಲಿಲ್ಲ. ನನಗೆ ಅಮ್ಮನ ಮಾತು ಆಡಲು ಇದ್ದ ಒಂದೇ ಜಾಗ ಅದು. ಮನೆಯಲ್ಲಿ ಅಮ್ಮನ ಹೆಸರೆತ್ತಿದರೆ ಅಪ್ಪ ಊಟ ಬಿಟ್ಟು ಏಳುತ್ತಿದ್ದರು. ಒಂದೇ ಸೂರಿನಡಿ ಇಬ್ಬರೇ ಇದ್ದು ಇಬ್ಬರೂ ಮೂಕರಾಗಿದ್ದೆವು. ನನಗೆ ಅಪ್ಪನ ಮೇಲೆ ಸಿಟ್ಟೂ ಇತ್ತು, ಅಯ್ಯೋ ಪಾಪ ಎಂದೂ ಅನ್ನಿಸುತ್ತಿತ್ತು.

ಒಂದು ಸಂಜೆ ಕುರ್ಚಿಯ ಪಕ್ಕ ಚಾಪೆ ಹಾಕಿಕೊಂಡು ಕೂತಿದ್ದೆ. ಗಾಳಿ ನಿಂತಿತ್ತು, ಗರಿಯೊಂದೂ ಅಲ್ಲಾಡುತ್ತಿರಲಿಲ್ಲ. ತೋಟದ ಒಳಗಿನಿಂದ ಸರ್... ಸರ್... ಎಂದು ಒಣಸೋಗೆಯ ಮೇಲೆ ಹೆಜ್ಜೆ ಸದ್ದು ಬಂತು. ಯಾರೋ ಅವಸರವಿಲ್ಲದೆ ಒಂದೊಂದು ಮರದ ಬುಡದಲ್ಲೂ ಒಂದಿಷ್ಟು ನಿಂತು, ಮತ್ತೆ ನಡೆದು ಬರುತ್ತಿದ್ದ ಹಾಗೆ. ನಾನು ನರ್ಸಮ್ಮನ ಸೆರಗು ಹಿಡಿದುಕೊಂಡೆ.

"ದನ ಇರ್ಬೇಕು" ಅಂದೆ.

"ದನಕ್ಕೆ ನಾಲ್ಕು ಕಾಲು ಕಣೇ ಗಿರ್ಜಾ."

"ಮತ್ತ್ಯಾರು?"

"ತೋಟದವನು. ಸಂಜೆ ತಂಪಿಗೆ ಓಡಾಡೋಕೆ ಬರ್ತಾನೆ. ಮೊದಲಿಂದ್ಲೂ ಅವನಿಗೆ ಅದೇ ಅಭ್ಯಾಸ."

ಸದ್ದು ಅಮ್ಮನ ಸಮಾಧಿಯ ಹತ್ತಿರ ಬಂದು ನಿಂತಿತು. ಕಣ್ಣೆದುರಿಗೇ ಇದ್ದ ಜಾಗ, ಇನ್ನೂ ಬೆಳಕಿತ್ತು, ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಸದ್ದು ಹಿಂದಕ್ಕೆ ಹೋಯಿತು. ನರ್ಸಮ್ಮ ತಮ್ಮ ಪಾಡಿಗೆ ಕೊರಳಿನ ಸಣ್ಣ ಶಿಲುಬೆಯನ್ನು ಬೆರಳಲ್ಲಿ ತಿರುವುತ್ತಿದ್ದರು. ನಾನು ನಂಬಿದೆನೇ ಎಂದು ಕೇಳಿದರೆ ಇವತ್ತಿಗೂ ಉತ್ತರ ಗೊತ್ತಿಲ್ಲ. ಹೆದರಿ ನಡುಗಿದ್ದಂತೂ ನಿಜ, ಮಾರನೆಯ ದಿನ ಮತ್ತೆ ಹೋಗಿದ್ದೂ ನಿಜ.

ಬೆಳಗ್ಗೆ ನೋಡಿದರೆ ಸಮಾಧಿಯ ಸುತ್ತಲಿನ ಮರಗಳ ಪಾತಿ ಒದ್ದೆಯಾಗಿರುತ್ತಿತ್ತು. ವಾರಗಟ್ಟಲೆ ಕರೆಂಟಿಲ್ಲದೆ ಪಂಪು ಸುಮ್ಮನೆ ಕೂತಿದ್ದಾಗಲೂ ಒದ್ದೆ. "ನೀವೇ ನೀರು ಹೊತ್ತು ಹಾಕಿದ್ರಾ?" ಅಂದರೆ, "ನನ್ನ ಸೊಂಟ ನೋಡಿ ಕೇಳು" ಎಂದು ಬೈದರು. ಆ ವರ್ಷದಿಂದ ಹರಳು ಉದುರುವುದು ನಿಂತಿತು. ಊರಿನವರು ಅದಕ್ಕೂ ಹೆದರಿದರು. ಉದುರಿದರೆ ದೆವ್ವ, ಕಟ್ಟಿದರೂ ದೆವ್ವ!

ಅವರ ಶಾಸ್ತ್ರದ ಕಥೆಗಳನ್ನು ನರ್ಸಮ್ಮ ನನಗೆ ಹೇಳಿದ್ದು ಉಪದೇಶಕ್ಕಲ್ಲ. ಕಾಯಿ ಸುಲಿಯುತ್ತಾ, ಪಕ್ಕದ ಬೀದಿಯ ಸುದ್ದಿಯಂತೆ ಹೇಳುತ್ತಿದ್ದರು. "ಎಲ್ಲಾ ತೋಟದಲ್ಲೇ ನಡೆದಿದ್ದು ಕಣೇ. ಮೊದಲ್ನೇ ತೋಟದಲ್ಲಿ ಗಂಡ ಹೆಂಡ್ತಿ ಬ್ಯಾಡ ಅಂದಿದ್ದ ಹಣ್ಣು ತಿಂದ್ರು. ಸಂಜೆ ತೋಟದವನು ಬಂದ. ಹೆಜ್ಜೆ ಸದ್ದು ಕೇಳ್ತಿದ್ದಂಗೇ ಇಬ್ರೂ ಮರದ ಹಿಂದೆ ಬಚ್ಚಿಟ್ಕೊಂಡ್ರು. ಎಲ್ಲಿದ್ದೀಯಪ್ಪಾ ಅಂತ ಕೂಗ್ದ. ಬೈಯೋಕೆ ಕೂಗ್ದ ಅಂತ ಎಲ್ಲಾರೂ ತಿಳ್ಕೊಂಡವ್ರೆ. ಕಳ್ಕೊಂಡಿದ್ದನ್ನ ಹುಡುಕೋನು ಹಂಗೆ ಕೂಗೋದು."

ಎರಡನೆಯ ತೋಟದಲ್ಲಿ ಎಣ್ಣೆಮರಗಳಿದ್ದವಂತೆ, ಗಾಣವೂ ಇತ್ತಂತೆ. ಸಾಯುವ ಹಿಂದಿನ ದಿನ ಯೇಸುಸ್ವಾಮಿ ಅಲ್ಲಿ ಮಣ್ಣಿಗೆ ಮುಖವಿಟ್ಟು, ನನ್ನ ಕೈಲಾಗದು ಎಂದು ಒದ್ದಾಡಿದನಂತೆ. ಜೊತೆಗಿರಿ ಎಂದು ಕರೆದುಕೊಂಡು ಬಂದವರು ಅಲ್ಲೇ ಗೊರಕೆ ಹೊಡೆದರಂತೆ. "ಕೊಬ್ಬರಿ ಹಿಂಡ್ದಂಗೆ ಹಿಂಡಿಬಿಡ್ತು ಆ ತೋಟ ಅವನನ್ನ. ಹೆದರೋದು ತಪ್ಪಲ್ಲ ಕಣೇ, ಅವನೂ ಹೆದ್ರಿದ್ದ. ನಿಮ್ಮಪ್ಪಂಗೆ ಇದನ್ನ ಹೇಳ್ಬೇಕು ನಾನು" ಅಂದರು.

"ಮೂರನೇದು?"

"ಅವನ್ನ ಹೂತ ತೋಟ. ಒಬ್ಬಳು ಹೆಣ್ಣುಮಗಳು ಬೆಳಗಾಗೋಕೆ ಮುಂಚೆ ಅಳ್ತಾ ಬಂದ್ಲು. ಸಮಾಧಿ ಖಾಲಿ. ಯಾವನೋ ಎದುರಿಗೆ ನಿಂತಿದ್ದ. ತೋಟದಾಳು ಇರ್ಬೇಕು ಅಂದ್ಕೊಂಡು, ಎಲ್ಲಿಟ್ಟಿದ್ದೀಯಪ್ಪಾ ನಮ್ಮೋರ್ನ ಅಂತ ಕೇಳಿದ್ಲು. ಅವನು ಇವಳ ಹೆಸರು ಹಿಡಿದು ಕರೆದ. ಆಗ್ಲೇ ಗೊತ್ತಾಗಿದ್ದು ಯಾರು ಅಂತ." ಕತ್ತಿ ಕೆಳಗಿಟ್ಟು ನರ್ಸಮ್ಮ ನಕ್ಕರು. "ಎದ್ದು ಬಂದೋನು ರಾಜನ ಥರ ಯಾಕೆ ಕಾಣ್ಲಿಲ್ಲ, ತೋಟದಾಳಿನ ಥರ ಯಾಕೆ ಕಂಡ? ಅವನ ಅಸಲು ಕಸುಬೇ ಅದು."

ಇನ್ನೊಂದು ಮಾತು ನನ್ನ ನಿದ್ದೆ ಕೆಡಿಸಿತು. ಅಮ್ಮನ ಸಮಾಧಿಯ ಕಡೆ ನೋಡುತ್ತಾ, "ನಮ್ಮೋರು ಮಲಗಿರ್ತಾರೆ, ಕೊನೇ ದಿನ ಅಲ್ಲಾಡಿಸಿ ಎಬ್ಬಿಸ್ಬೇಕು. ನಿಮ್ಮೋರೇ ಬುದ್ಧಿವಂತರು, ಕೂತೇ ಇರ್ತಾರೆ. ಕರೆದ ತಕ್ಷಣ ಎದ್ದು ಬಂದುಬುಡ್ತಾರೆ" ಅಂದರು. ನಾನು, "ಸುಮ್ನಿರಿ ನರ್ಸಮ್ಮ!" ಎಂದು ಕೂಗಿದೆ. ಮಣ್ಣಿನ ಕೆಳಗೆ ಅಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ತೆರೆದು, ಕರೆಯುವುದನ್ನೇ ಕಾಯುತ್ತಿದ್ದ ಹಾಗೆ ಕಂಡುಬಿಟ್ಟಿತು.

ಸಂಜೆ ಉಣಗೋಲು ತೆಗೆದು ಯಾರಿಗೆ ಕಾಯುತ್ತೀರಿ ಎಂದು ಕೊನೆಗೊಂದು ದಿನ ಕೇಳಿಯೇಬಿಟ್ಟೆ.

"ಇಬ್ಬರಿಗೆ. ಒಬ್ಬ ಬಂದು ಹೋಗ್ತಾನೆ, ನೀನೂ ಕೇಳಿದ್ದೀಯ. ಇನ್ನೊಬ್ರು ಕಲ್ಲುಕಂಬದ ತನಕ ಬರ್ತಾರೆ, ಒಳಗೆ ಬರಲ್ಲ."

ಆಮೇಲೆ ಅವರು ಹೇಳಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಅಮ್ಮನಿಗೆ ಕೊನೆಯಲ್ಲಿ ಪ್ರಜ್ಞೆ ಇತ್ತಂತೆ. ನರ್ಸಮ್ಮನ ಕೈ ಹಿಡಿದುಕೊಂಡು, "ಅವ್ರು ಹೊರಗೆ ಹೆದ್ರಿಕೊಂಡು ನಿಂತವ್ರೆ. ಬೈಬ್ಯಾಡಿ. ಒಳೀಕೆ ಕರ್ಕೊಂಡು ಬನ್ನಿ" ಅಂದಳಂತೆ. ಕರೆತರುತ್ತೇನೆ ಎಂದು ಮಾತು ಕೊಟ್ಟು ನರ್ಸಮ್ಮ ಹೊರಗೆ ಓಡಿದರು. ಅಪ್ಪ ಹುಣಸೆಮರದ ಕೆಳಗೆ ಮುಖ ಮುಚ್ಚಿಕೊಂಡು ಕೂತಿದ್ದರು, ಏಳಲೇ ಇಲ್ಲ. ರಟ್ಟೆ ಹಿಡಿದು ಎಬ್ಬಿಸುವಷ್ಟರಲ್ಲಿ ಒಳಗೆ ಎಲ್ಲ ಮುಗಿದಿತ್ತು.

"ಮಾತು ಕೊಟ್ಟಿದ್ದೀನಿ ಕಣೇ. ಕರ್ಕೊಂಡು ಬರ್ತೀನಿ ಅಂದಿದ್ದೀನಿ. ಅವಳು ಕೂತು ಕಾಯ್ತಾ ಇದ್ದಾಳೆ. ಅವರು ಬರೋವರೆಗೂ ನಾನು ಎಲ್ಲಿಗೂ ಹೋಗಂಗಿಲ್ಲ. ಸತ್ರೂ ಇಲ್ಲೇ ಇರ್ತೀನಿ, ಪಾದ್ರಿಗಳಿಗೂ ಹೇಳಿಟ್ಟಿದ್ದೀನಿ."

ಅದೇ ಹೊತ್ತಿಗೆ ಬೇಲಿಯಾಚೆ ಧೂಳಿನ ದಾರಿಯಲ್ಲಿ ಒಂದು ಹೆಜ್ಜೆ ಊರಿ ಇನ್ನೊಂದು ಎಳೆಯುವ ಸದ್ದು ಕೇಳಿಸಿತು. ದಿನಾ ಸಂಜೆ ಕರು ಹುಡುಕಿಕೊಂಡು ಬರುತ್ತೇನೆಂದು ಅಪ್ಪ ಮನೆಯಿಂದ ಹೊರಡುತ್ತಿದ್ದರು. ಕರು ಕೊಟ್ಟಿಗೆಯಲ್ಲೇ ಇರುತ್ತಿತ್ತು. ಕಲ್ಲುಕಂಬದ ಮೇಲೆ ಅವರ ಕೈ ಕಾಣಿಸಿತು. ನರ್ಸಮ್ಮ, "ಬನ್ನಿ ರುದ್ರಪ್ನೋರೇ, ಒಳಗೆ ಬನ್ನಿ" ಎಂದು ಕರೆದರು. ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಮತ್ತೆ ಎಳೆಯುವ ಸದ್ದು, ದೂರ, ದೂರ. "ಹೋದ್ರು" ಅಂದರು ನರ್ಸಮ್ಮ.

ಹೀಗೇ ವರ್ಷಗಳು ಕಳೆದವು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಒಂದು ಬೇಸಿಗೆಯ ಸಂಜೆ. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿಗಳಲ್ಲಿ ಒಂದನ್ನು ಕೆಳಗಿಳಿಸಿ ನನ್ನ ಕಿವಿಯ ಹತ್ತಿರ ಕುಲುಕಿದರು. ಗೊಡಗೊಡ ಅಂತು. ನಮ್ಮ ಕಡೆಯ ಮಕ್ಕಳಿಗೂ ಗೊತ್ತು: ವರ್ಷವೆಲ್ಲ ಕತ್ತಲಲ್ಲಿ ಕೂತ ಕಾಯಿಯೊಳಗೆ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡರೆ ಆ ಸದ್ದು ಬರುತ್ತದೆ. "ಬಿಟ್ಕೊಂಡೈತೆ ನೋಡು. ಹೊರಗಿಂದ ನೋಡಿದ್ರೆ ಹಂಗೇ ಐತೆ" ಎಂದು ಹೇಳಿ, ತಮ್ಮ ಎದೆಯ ಮೇಲೆ ಎರಡು ಸಲ ತಟ್ಟಿಕೊಂಡು ಕಿವಿಗೊಟ್ಟರು. ಮತ್ತೆ ನನ್ನ ಮುಖ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

ಮಾರನೆಯ ಬೆಳಗ್ಗೆ ಬಸ್ಸಿಗೆ ಹೊರಟವಳು ತೋಟದ ಮುಂದೆ ನಿಂತೆ. ಹಗಲಾದರೂ ಉಣಗೋಲು ತೆಗೆದೇ ಇತ್ತು. ಕೂಗುತ್ತಾ ಒಳಗೆ ಹೋದೆ. ನರ್ಸಮ್ಮ ಕುರ್ಚಿಯಲ್ಲಿ ಕೂತಿದ್ದರು. ಮುಖ ತೋಟದ ಬಾಯಿಯ ಕಡೆಗಿತ್ತು. ಬಲಗೈ ಮುಂದಕ್ಕೆ ಚಾಚಿತ್ತು, ಎದುರಿಗೆ ನಿಂತವರ ಕೈಹಿಡಿದು ಏಳುವ ಹಾಗೆ. ಮುಟ್ಟಿದೆ. ಕಲ್ಲು.

ಅಳಬೇಕೆನ್ನುವಷ್ಟರಲ್ಲಿ ತೋಟದೊಳಗೆ ಗುದ್ದಲಿಯ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅಮ್ಮನ ಸಮಾಧಿಯ ಪಕ್ಕ ಕೆಂಚಯ್ಯ ಗುಂಡಿ ತೆಗೆಯುತ್ತಿದ್ದ. ಊರಿನಲ್ಲಿ ಯಾರೇ ಸತ್ತರೂ ಗುಂಡಿ ತೆಗೆಯುವವನು ಅವನೇ. ಆಗಲೇ ಅವನ ಸೊಂಟದ ತನಕ ಇಳಿದಿತ್ತು. "ಹೇಳಿ ಕಳ್ಸಿದ್ರಲ್ಲ ಕಣವ್ವ, ಅದಕ್ಕೇ ನಸುಕಿನಾಗೇ ಬಂದೆ" ಅಂದ. ಅಪ್ಪ ನನಗಿಂತ ಮುಂಚೆ ದಾರಿಯಲ್ಲಿ ಬಂದು, ತೋಟದ ಬಾಯಿಯಿಂದಲೇ ನೋಡಿ, ಹೇಳಿ ಕಳಿಸಿರಬೇಕು ಎಂದುಕೊಂಡೆ. ಹೆಚ್ಚು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪಾದ್ರಿಗಳಿಗೆ ಸುದ್ದಿ ಮುಟ್ಟಿಸಲು ಊರಿನ ಕಡೆ ಓಡಿದೆ.

ಮಧ್ಯಾಹ್ನದ ಹೊತ್ತಿಗೆ ತಿಪಟೂರಿನಿಂದ ಪಾದ್ರಿಗಳು ಟೆಂಪೋದಲ್ಲಿ ಪೆಟ್ಟಿಗೆ ಹಾಕಿಕೊಂಡು ಬಂದರು. ಗುಂಡಿಯೊಳಗೆ ಬಗ್ಗಿ ನೋಡಿ ಅವರಿಗೆ ಸಿಟ್ಟು ಬಂತು.

"ಇದೇನ್ರೀ ಇದು? ಚೌಕಕ್ಕೆ ತೋಡಿ, ಪಕ್ಕಕ್ಕೆ ಗೂಡು ಬೇರೆ ಕೊರೆದಿದ್ದೀರಾ!"

ಕೆಂಚಯ್ಯ ತಬ್ಬಿಬ್ಬಾದ. "ನಮ್ ತಾವ ಇಂಗೇ ಅಲ್ವರಾ ಸ್ವಾಮಿ?" ಪಾಪ, ಅವನು ಹುಟ್ಟಿದಾಗಿನಿಂದ ತೋಡಿದ್ದೇ ಅಂಥ ಗುಂಡಿ.

ಪಾದ್ರಿಗಳು ಇನ್ನೂ ಏನೋ ಹೇಳುವವರಿದ್ದರು. ಆದರೆ ನರ್ಸಮ್ಮನನ್ನು ಪೆಟ್ಟಿಗೆಯಲ್ಲಿ ಮಲಗಿಸಲು ಎತ್ತಿಕೊಂಡಾಗ ಅವರು ಮಲಗಲೇ ಇಲ್ಲ. ಕೂತಲ್ಲೇ ಸೆಟೆದುಹೋಗಿದ್ದರು, ಮಂಡಿ ಬಿಚ್ಚಲಿಲ್ಲ, ಬೆನ್ನು ಬಾಗಲಿಲ್ಲ. ಒತ್ತಿದರೆ ಮೂಳೆ ಮುರಿಯಬೇಕು. ಪೆಟ್ಟಿಗೆ ಬಾಯಿ ತೆರೆದುಕೊಂಡು ಪಕ್ಕದಲ್ಲಿ ಬಿದ್ದಿತ್ತು. ಪಾದ್ರಿಗಳು ಒಂದು ಸಲ ಅವರ ಮುಖ ನೋಡಿದರು, ಒಂದು ಸಲ ಗುಂಡಿಯ ಗೂಡು ನೋಡಿದರು. ಹಣೆಯ ಬೆವರು ಒರೆಸಿಕೊಂಡು, "ಅಳತೆ ಕೊಟ್ಟು ತೋಡಿಸಿದ ಹಾಗಿದೆ" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಅವರೇ ಮೊದಲು ಗುಂಡಿಗಿಳಿದು, ಕೈಚಾಚಿ ನರ್ಸಮ್ಮನನ್ನು ಇಳಿಸಿಕೊಂಡರು. ಅಮ್ಮನ ಕಡೆಗೆ ಮುಖ ಮಾಡಿ ಕೂರಿಸಿದೆವು. ಚಾಚಿದ ಬಲಗೈಯನ್ನು ಮಡಿಸಲು ಆಗಲಿಲ್ಲ, ಹಾಗೇ ಬಿಟ್ಟೆವು. ಪ್ರಾರ್ಥನೆ ಮುಗಿದು ಪಾದ್ರಿಗಳ ಟೆಂಪೋ ಹೊರಟಾಗ ಹೊತ್ತು ಇಳಿದು ತಂಪು ಬೀಸುತ್ತಿತ್ತು.

ಅಪ್ಪ ಅಷ್ಟು ಹೊತ್ತೂ ಉಣಗೋಲಿನಾಚೆ ಕಲ್ಲುಕಂಬ ಹಿಡಿದುಕೊಂಡು ನಿಂತಿದ್ದರು. ನಾನೂ ಕೆಂಚಯ್ಯನೂ ಅವರ ಹತ್ತಿರ ಬಂದೆವು.

"ಒಳ್ಳೇ ಕೆಲ್ಸ ಮಾಡ್ದೆ ಗಿರಿಜಾ, ಹೊತ್ತಿಗೆ ಮುಂಚೆ ಕೆಂಚನ್ನ ಕರ್ಸಿದ್ದು" ಅಂದರು ಅಪ್ಪ.

"ನಾನಲ್ಲಪ್ಪ. ನೀವಲ್ವಾ ಹೇಳಿ ಕಳ್ಸಿದ್ದು?"

ಅಪ್ಪ ಇಲ್ಲವೆಂದು ತಲೆಯಾಡಿಸಿದರು. ಇಬ್ಬರೂ ಕೆಂಚಯ್ಯನ ಮುಖ ನೋಡಿದೆವು. ಅವನು ಗುದ್ದಲಿಯ ಮಣ್ಣು ಕೆರೆಯುತ್ತಾ ನಿಂತಿದ್ದ.

"ನಂಗೇನು ಗೊತ್ತು ಯಜ್ಮಾನ್ರೇ? ನಸುಕಿನಾಗೆ ಯಾರೋ ಬಂದು ಗುಡ್ಸಲು ಬಾಗ್ಲಾಗೆ ನಿಂತ್ಕಂಡ. ತಲೆಗೆ ವಲ್ಲಿ ಸುತ್ತಿದ್ದ, ಮಂಡಿ ಗಂಟ ಕೆಸ್ರು, ನೀರು ಕಟ್ಟಿ ಬಂದೋನಂಗಿದ್ದ. ಕೆಂಚಯ್ಯ ಅಂತ ಹೆಸ್ರಿಡ್ದು ಕರ್ದ. ಬಾ ಅಂತ ಇಲ್ಲೀಗಂಟ ಕರ್ಕಂಡು ಬಂದು ಜಾಗ ತೋರ್ಸ್ದ. ನರ್ಸಮ್ಮನ ತೋಟದಾಳು ಇರ್ಬೇಕು ಅಂದ್ಕಂಡೆ."

ನರ್ಸಮ್ಮನಿಗೆ ಆಳಿರಲಿಲ್ಲ. ಆ ತೋಟದಲ್ಲಿ ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಆಳು ಕೆಲಸ ಮಾಡಿರಲಿಲ್ಲ. ಇದು ನನಗೂ ಗೊತ್ತು, ಅಪ್ಪನಿಗೂ ಗೊತ್ತು.

"ಇನ್ನೇನಾರ ಅಂದ್ನಾ?" ಎಂದು ಅಪ್ಪ ಕೇಳಿದರು.

"ಊಂ. ಸಂಜೀಕೆ ಯಜ್ಮಾನ್ರು ಬತ್ತಾರೆ, ಉಣಗೋಲು ಹಾಕ್ಬ್ಯಾಡ ಅಂದ."

"ಯಾವ್ ಕಡೀಕೆ ಹೋದ?"

ಕೆಂಚಯ್ಯ ಕೈ ತೋರಿಸಿದ. "ಒಳೀಕೇ ಹೋದ್ನಲ್ಲ. ಹೊರಗೆ ಬಂದಿದ್ದು ನಾನಂತೂ ಕಾಣೆ."

ಅಪ್ಪ ಕಲ್ಲುಕಂಬದಿಂದ ಕೈ ತೆಗೆದರು. ಹೆಗಲಿನ ಟವೆಲ್ಲನ್ನು ಎಳೆದು ಸೊಂಟಕ್ಕೆ ಸುತ್ತಿಕೊಂಡರು, ದೇವರ ಮನೆಗೆ ಹೋಗುವಾಗ ಮಾಡುವ ಹಾಗೆ. ಚಪ್ಪಲಿ ಬಿಟ್ಟರು. "ಅಪ್ಪಾ" ಅಂದೆ. ಅವರಿಗೆ ಕೇಳಿಸಲಿಲ್ಲ. ಎಡಗಾಲು ಎಳೆದುಕೊಂಡು ಒಳಗೆ ಹೋದರು.

ಮರಗಳ ನಡುವೆ ಮರೆಯಾದ ಮೇಲೆ ಒಣಸೋಗೆಯ ಮೇಲೆ ಅವರ ಹೆಜ್ಜೆ ಮಾತ್ರ ಕೇಳುತ್ತಿತ್ತು. ಒಂದು ಊರುವುದು, ಒಂದು ಎಳೆಯುವುದು. ಆ ಸದ್ದು ನನಗೆ ನಿದ್ದೆಯಲ್ಲೂ ಗುರುತು ಸಿಗುತ್ತದೆ. ಸ್ವಲ್ಪ ಹೊತ್ತಿಗೆ ಅದರ ಜೊತೆಗೆ ಇನ್ನೊಂದು ಸೇರಿತು. ಅವಸರವಿಲ್ಲದ ಹೆಜ್ಜೆ, ಅಪ್ಪನ ಕುಂಟು ನಡಿಗೆಗೆ ಹೊಂದಿಸಿಕೊಂಡು, ಅವರು ನಿಂತಲ್ಲಿ ನಿಂತು, ಅವರು ನಡೆದಾಗ ನಡೆಯುತ್ತಿತ್ತು. ಎರಡೂ ಅಮ್ಮನ ಸಮಾಧಿಯ ಹತ್ತಿರ ಹೋಗಿ ನಿಂತವು. ಅಪ್ಪ ಅಮ್ಮನ ಹೆಸರು ಹಿಡಿದು ಕರೆದರು. ಅಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಕೆಂಚಯ್ಯ ಆ ಮಾತು ಮರೆತು ಅಭ್ಯಾಸದಂತೆ ಬಿದಿರು ಗಳ ಎತ್ತಿಕೊಂಡು ಉಣಗೋಲು ಹಾಕಲು ಬಂದ. ಬೇಡ ಎಂದೆ. ಇಬ್ಬರೂ ಅದನ್ನು ಹಾಗೇ ಬಿಟ್ಟು ಮನೆಯ ಕಡೆ ನಡೆದೆವು.